ಗಿಂಡಿಯ ತಳದ ರಾಡಿ

ಗಿಂಡಿಯ ತಳದಲ್ಲಿ ಅರ್ಧ ಬೆರಳಿನಷ್ಟು ರಾಡಿ ಕೂತಿತ್ತು. ಮೇಲಿನ ನೀರು ಮಾತ್ರ ತಿಳಿಯಾಗಿತ್ತು. ದೊಡ್ಡವ್ವ ಗಿಂಡಿಯನ್ನು ಅಲುಗಿಸದೆ ಜಗುಲಿಯಿಂದ ಇಳಿಸಿ, ಹಿತ್ತಾಳೆ ಚಮಚದಲ್ಲಿ ನನ್ನ ಅಂಗೈಗೆ ಒಂದಿಷ್ಟು ನೀರು ಹಾಕಿದಳು. "ಕಣ್ಣಿಗೆ ಹಚ್ಚಿಕೊಂಡು ಕುಡಿ" ಎಂದಳು. ನಾನು ಕಣ್ಣಿಗೆ ಹಚ್ಚಿಕೊಂಡೆ. ತುಟಿಗೆ ತಂದಂತೆ ಮಾಡಿ, ಆಕೆ ಅತ್ತ ತಿರುಗಿದಾಗ ಅಂಗೈಯನ್ನು ಸೆರಗಿಗೆ ಒರೆಸಿಕೊಂಡೆ.

ಇದು ಎರಡನೆಯ ಮಹಾಯುದ್ಧ ಮುಗಿದ ವರ್ಷದ ಭಾದ್ರಪದ ಮಾಸದ ಮಾತು. ನಾನು ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಲಿಂಗಸುಗೂರಿನ ನಮ್ಮ ಮನೆಗೆ ಬಂದಿದ್ದೆ. ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ಅರ್ಜಿ ಹಾಕಿದ್ದೆ, ಉತ್ತರ ಬಂದಿರಲಿಲ್ಲ. ಮನೆಗೆ ಬಂದವರೆಲ್ಲ ಅಪ್ಪನಿಗೆ "ಇನ್ನೂ ಮಗಳ ಮದುವಿ ಮಾಡಿಲ್ಲೇನ್ರಿ?" ಎಂದು ಕೇಳುತ್ತಿದ್ದರು. ಅದನ್ನು ಕೇಳಿಸಿಕೊಳ್ಳುತ್ತ ಕೂಡುವುದಕ್ಕಿಂತ ವಾಸಿ ಎಂದು ಅವ್ವನ ಅಕ್ಕನ ಊರಿಗೆ ಹೋದೆ. ಮಸ್ಕಿಯಿಂದ ಸಿಂಧನೂರಿನ ಕಡೆ ಎರಡು ಹರದಾರಿ ದೂರದಲ್ಲಿ, ಹಳ್ಳದ ದಂಡೆಯ ಮೇಲಿರುವ ಊರು. ಹೆಸರು ಬರೆಯುವುದಿಲ್ಲ. ನಮ್ಮವರು ಇನ್ನೂ ಅಲ್ಲಿದ್ದಾರೆ. ಇಲ್ಲಿ ಬರುವ ಜನರ ಹೆಸರುಗಳನ್ನೂ ಬದಲಿಸಿದ್ದೇನೆ.

ನಾನು ಹೋದ ನಾಲ್ಕನೆಯ ದಿನ ಹಳ್ಳ ಬಂತು. ಎರಡು ದಿನ ಬಿಡದೆ ಮಳೆ ಹಿಡಿದಿತ್ತು. ರೊಟ್ಟಿ ಬಡಿಯುವ ಹೊತ್ತಿಗೆ ನೀರು ಊರ ಬಾಗಿಲಾದ ಅಗಸಿಯ ಒಳಗಿತ್ತು. ನೆಲದಡಿ ಜೋಳ ತುಂಬಿಟ್ಟ ಹಗೇವುಗಳಿಗೆ ನೀರು ಹೊಕ್ಕಿತು. ದನಗಳು ಕೊಚ್ಚಿಹೋದವು, ಹಳ್ಳದ ಬದಿಯ ಗೋಡೆಗಳು ಒಂದೊಂದಾಗಿ ಕೂತುಬಿಟ್ಟವು. ಮನುಷ್ಯರು ಯಾರೂ ಹೋಗಲಿಲ್ಲ. ಊರ ಬಾವಿ ದಿಬ್ಬದ ಮೇಲೆ, ಗುಡಿಯ ಪಕ್ಕದಲ್ಲಿದೆ. ಅಲ್ಲಿಯವರೆಗೆ ನೀರು ಏರಲಿಲ್ಲ. ಊರಿಗೆ ಊರೇ ಆ ದಿಬ್ಬದ ಮೇಲೆ ನಿಂತು ನೋಡುತ್ತಿತ್ತು.

ನನ್ನ ಪಕ್ಕದಲ್ಲಿ ಈರಮ್ಮ ನಿಂತಿದ್ದಳು. ದೊಡ್ಡವ್ವನ ಹಿತ್ತಲಿಗೆ ತಾಗಿದ ಮನೆ ಆಕೆಯದು. ಐವತ್ತರ ಹತ್ತಿರದ ವಿಧವೆ, ಮಕ್ಕಳಿಲ್ಲ. ಒಂದು ಎಮ್ಮೆ ಕಟ್ಟಿಕೊಂಡು ಮಜ್ಜಿಗೆ ತುಪ್ಪ ಮಾರುತ್ತಿದ್ದಳು. ನಾಲಗೆ ಹರಿತ. ನೀರು ಅಗಸಿ ದಾಟುವುದನ್ನು ನೋಡಿ, "ಬರಲಿ ಬಿಡ್ರಿ, ಈ ಊರಾಗಿನ ಹೊಲಸೆಲ್ಲಾ ಒಮ್ಮೆರ ತೊಳಕೊಂಡು ಹೋಗಲಿ" ಎಂದಳು. ನಾಲ್ಕು ಮಂದಿ ನಕ್ಕರು. ನಾನೂ ನಕ್ಕೆ. ಆಕೆಯ ಎಮ್ಮೆ ಅಂದೇ ಕೊಚ್ಚಿಹೋಯಿತು. ಮುಂದೆ ಊರಿನವರಿಗೆ ಆ ಮಾತು ನೆನಪುಳಿಯಿತು, ಎಮ್ಮೆ ನೆನಪುಳಿಯಲಿಲ್ಲ.

ಆ ಊರಲ್ಲಿ ಒಂದು ಪದ್ಧತಿ ಇದೆ. ಹಳ್ಳ ದಂಡೆ ಮೀರಿ ಬಂದು ಇಳಿದ ಮೂರನೆಯ ದಿನ ಐದು ಜನ ಮುತ್ತೈದೆಯರು ಗಂಗೆಗೆ ಹಸಿರು ಬಳೆ, ಖಣ, ಕಡುಬು ಕೊಟ್ಟು ಐದು ಕೊಡ ಹೊಸ ನೀರು ತುಂಬಿ ತರುತ್ತಾರೆ. ಮುತ್ತೈದೆ ಇರುವ ಪ್ರತಿ ಮನೆಗೂ ಅದರಿಂದ ಒಂದು ಗಿಂಡಿ ಹೋಗುತ್ತದೆ. ಒಂಬತ್ತು ದಿನ ದೇವರ ಜಗುಲಿಯ ಮೇಲಿಟ್ಟು, ದಿನಾ ಬೆಳಿಗ್ಗೆ ಮನೆಮಂದಿಗೆಲ್ಲ ಒಂದೊಂದು ಚಮಚ ತೀರ್ಥ. ಐವರಲ್ಲಿ ಮುಂದಿನ ಕೊಡ ನಮ್ಮ ದೊಡ್ಡವ್ವನದು. ಮೊದಲ ಬೆಳಿಗ್ಗೆಯೇ ಆ ರಾಡಿ ನೋಡಿ ನನಗೆ ಹೇಸಿಗೆಯಾಗಿತ್ತು. ನಾನು ಕುಡಿಯಲಿಲ್ಲ. ಆದರೆ ಕುಡಿಯಬೇಡಿ ಎಂದು ಯಾರಿಗೂ ಹೇಳಲೂ ಇಲ್ಲ. ನೆಂಟರ ಮನೆಯಲ್ಲಿ ಅಂಥ ಮಾತು ಆಡಬಾರದು ಎಂದುಕೊಂಡೆ. ನನ್ನ ಸಭ್ಯತೆಯ ಮೇಲೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಪೂಜೆಯಾಗಿ ಎರಡು ದಿನಕ್ಕೆ ವಾಂತಿಭೇದಿ ಶುರುವಾಯಿತು. ಯಾರೂ ಅದರ ಹೆಸರು ಎತ್ತುತ್ತಿರಲಿಲ್ಲ. "ಆ ಬ್ಯಾನಿ" ಎನ್ನುತ್ತಿದ್ದರು. ನಾಲ್ಕನೆಯ ದಿನ ದೊಡ್ಡಪ್ಪ ಹಾಸಿಗೆ ಹಿಡಿದ. ಅಷ್ಟರಲ್ಲಿ ಊರಲ್ಲಿ ಮೂವರು ತೀರಿಕೊಂಡಿದ್ದರು.

ತಾಲೂಕಿನಿಂದ ಒಬ್ಬ ಕಂಪೌಂಡರ್ ತಟ್ಟು ಕುದುರೆ ಏರಿ ಬಂದರು. ಇಮಾಮ್ ಸಾಹೇಬ್ ಎನ್ನೋಣ. ಬಿಳಿ ಗಡ್ಡ, ಕೆಸರು ಮೆತ್ತಿದ ಶೇರವಾನಿ. ಎಷ್ಟೋ ಹಳ್ಳಿಗಳನ್ನು ಅವರೊಬ್ಬರೇ ಸುತ್ತಬೇಕಿತ್ತು. ಔಷಧ ಕೊಟ್ಟರು, ಉಪ್ಪು ಸಕ್ಕರೆ ಹಾಕಿ ಗಂಜಿ ಕುಡಿಸಲು ಹೇಳಿದರು. ತೊಯ್ದು ಮುಗ್ಗಿದ ಹಗೇವಿನ ಜೋಳದಿಂದಲೇ ಇದು ಬಂದಿದೆ, ಅದನ್ನು ಚೆಲ್ಲಿ ಎಂದರು. ಜೋಳ ಚೆಲ್ಲುವ ಮಾತಿಗೆ ಅರ್ಧ ಊರು ಎದ್ದುಹೋಯಿತು. ನಾನು ಉರ್ದುವಿನಲ್ಲಿ ಮಾತಾಡಿದ್ದು ಕೇಳಿ ಅವರಿಗೆ ಜೀವ ಬಂದಂತಾಯಿತು.

"ಬೇಟಿ, ನನಗೊಂದು ಪಟ್ಟಿ ಬರಕೊಡು" ಎಂದರು. "ಸರ್ಕಾರದ ಕಾಗದದಾಗ ಸತ್ತವರಿಗಷ್ಟ ಜಾಗಾ ಐತಿ. ಬಿದ್ದವರನ್ನ ನಾ ಎಲ್ಲಿ ಬರೀಲಿ?"

ಕೆಲಸ ಸಿಕ್ಕಿತು ಎಂದು ನನಗೆ ಖುಷಿಯೇ ಆಯಿತು. ಮನೆಮನೆಗೆ ಹೋದೆ. ಪ್ರತಿ ಮನೆಯ ಹೊಸ್ತಿಲಲ್ಲೂ ಒಂದೇ ಉತ್ತರ: "ನಮ್ಮನ್ಯಾಗ ಯಾರಿಗೂ ಏನಿಲ್ಲವ್ವ." ಒಳಗೆ ಯಾರೋ ಕಾರಿಕೊಳ್ಳುವ ಸದ್ದು ಕೇಳುತ್ತಿರುತ್ತದೆ, ಬಾಗಿಲಲ್ಲಿ ನಿಂತವಳು ನನ್ನ ಮುಖ ನೋಡಿಕೊಂಡೇ ಏನಿಲ್ಲ ಎನ್ನುತ್ತಾಳೆ. ಕಾಯಿಲೆಯವರ ಹೆಸರು ಬರೆಸಿದರೆ ಸಾವಿಗೆ ವಿಳಾಸ ಕೊಟ್ಟಂತೆ ಎಂಬ ಅಂಜಿಕೆ. ಹತ್ತು ಮನೆ ಸುತ್ತುವಷ್ಟರಲ್ಲಿ ನನ್ನ ತಾಳ್ಮೆ ತೀರಿತು. ಹನ್ನೊಂದನೆಯ ಮನೆಯಲ್ಲಿ ಕಾಯಿಲೆಯ ಮಾತು ಬಿಟ್ಟು, "ದಿನಾ ಎಷ್ಟು ರೊಟ್ಟಿ ಬಡೀತೀರಿ?" ಎಂದು ಕೇಳಿದೆ.

"ಇಪ್ಪತ್ತೆರಡು."

"ಇವತ್ತು?"

"ಒಂಬತ್ತು" ಎಂದಳು, ಏನೂ ಯೋಚಿಸದೆ.

ಅಲ್ಲಿಂದ ಮುಂದೆ ಕೆಲಸ ಸರಾಗವಾಯಿತು. ಹೆಸರು ಬೇಡ, ಕಾಯಿಲೆ ಬೇಡ. ದಿನದ ರೊಟ್ಟಿ, ಇವತ್ತಿನ ರೊಟ್ಟಿ. ಬಿಟ್ಟ ಹತ್ತು ಮನೆಗೂ ಮತ್ತೆ ಹೋಗಿ ಕೇಳಿ ಬಂದೆ. ಪಟ್ಟಿ ಮುಗಿದಾಗ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ರೊಟ್ಟಿ ಕಡಿಮೆಯಾಗಿತ್ತು. ಹಗೇವು ತೊಯ್ದ ಮನೆ, ತೊಯ್ಯದ ಮನೆ ಎಂಬ ಭೇದವೇನೂ ಕಾಣಲಿಲ್ಲ. ಆದರೆ ಏಳು ಮನೆಗಳು ಬೇರೆಯಾಗಿ ನಿಂತವು. ಈರಮ್ಮ, ಇನ್ನಿಬ್ಬರು ವಿಧವೆಯರು, ಹೆಂಡತಿ ಸತ್ತ ಕುಂಬಾರ ಮತ್ತು ಅವನ ಮಕ್ಕಳು, ಮಠದ ಅಯ್ಯನವರು, ಮುಸಲ್ಮಾನ ಪಿಂಜಾರರ ಎರಡು ಮನೆ. ಇವರಲ್ಲಿ ಒಂದೇ ಒಂದು ರೊಟ್ಟಿಯೂ ಕಡಿಮೆಯಾಗಿರಲಿಲ್ಲ. ಅವರೂ ಅದೇ ಬಾವಿಯ ನೀರು ಸೇದುವವರು. ಅವರೂ ಮುಗ್ಗಲು ಜೋಳ ತಿನ್ನುವವರು.

ಊರು ಆ ಏಳರಲ್ಲಿ ಒಂದನ್ನು ಮಾತ್ರ ಕಂಡಿತ್ತು.

"ಅಕಿ ಮನ್ಯಾಗ ಒಬ್ರಿಗೂ ಏನಾಗಿಲ್ಲ ನೋಡು" ಎಂದಳು ದೊಡ್ಡವ್ವ, ಈರಮ್ಮನ ಹಿತ್ತಲ ಕಡೆ ಗದ್ದ ಎತ್ತಿ.

"ಆ ಮನ್ಯಾಗ ಇರಾಕಿ ಅಕಿ ಒಬ್ಬಾಕಿನ ಅಲ್ಲೇನು ದೊಡ್ಡವ್ವ?"

"ಅದನ್ನ ನಾ ಹೇಳಾಕತ್ತೀನಿ! ತೊಳಕೊಂಡು ಹೋಗಲಿ ಅಂದಾಕಿ ಅಕಿನ. ಊರು ತೊಳಕೊಂಡು ಹೊಂಟೈತಿ, ಅಕಿ ಗುಂಡಕಲ್ಲಿನಂಗ ಅದಾಳ."

ಆಕೆಯನ್ನು ಊರು ಬಿಡಿಸಬೇಕು ಎಂಬ ಮಾತು ಆಗಲೇ ಕಟ್ಟೆಯ ಮೇಲೆ ಶುರುವಾಗಿತ್ತು. ಹೋಗಲು ಗುರುಗುಂಟೆಯಲ್ಲಿ ಒಬ್ಬ ತಂಗಿಯನ್ನು ಬಿಟ್ಟರೆ ಆಕೆಗೆ ಯಾರೂ ಇರಲಿಲ್ಲ. ಇದ್ದದ್ದೊಂದೇ ಮನೆ, ಗಂಡ ಕಟ್ಟಿದ್ದು.

ಇಮಾಮ್ ಸಾಹೇಬರಿಗೆ ಪಟ್ಟಿ ಕೊಟ್ಟಾಗ ಅವರು ಪೂರ್ತಿ ಓದಿ, ಕಾಗದ ತಿರುವಿ ನೋಡಿ, "ಹಳ್ಳದ ಆಚಿ ಕೇರಿ ಎಲ್ಲೈತಿ?" ಎಂದು ಕೇಳಿದರು. ನನ್ನ ಮುಖ ಬಿಸಿಯಾಯಿತು. ಊರೆಲ್ಲ ಸುತ್ತಿದ್ದೆ, ಕೇರಿ ಊರಲ್ಲ ಎಂದು ಯಾರೂ ನನಗೆ ಹೇಳಿರಲಿಲ್ಲ. ನಾನೇ ಹಾಗೆ ತಿಳಿದುಬಿಟ್ಟಿದ್ದೆ. ಮೂರು ವರ್ಷ ಕಾಲೇಜಿನಲ್ಲಿ ಓದಿದ್ದು ಇಷ್ಟಕ್ಕೇ ಬಂತು.

ಮಾರನೆಯ ದಿನ ಹಳ್ಳ ದಾಟಿ ಹೋದೆ. ದುರುಗವ್ವ ಎಂಬ ಮುದುಕಿ ನನ್ನ ಕೈಯ ಕಾಗದ ನೋಡಿ, "ನಮ್ಮನ್ನೂ ಬರಕೊಳ್ಳಾಕ ಬಂದೀರೇನ್ರೀ ಅವ್ವಾರ?" ಎಂದಳು. "ಹಳ್ಳಾ ಇಳಿದ ಮರುದಿನದಿಂದ ಬಿದ್ದಾರ ನಮ್ಮ ಮಂದಿ. ನಿಮ್ಮ ಊರಾಗ ಬಿದ್ದದ್ದು ಸುದ್ದಿ ಆತು, ನಮ್ಮಾಗ ಬಿದ್ದದ್ದು ಸುದ್ದಿ ಆಗಲಿಲ್ಲ ನೋಡ್ರಿ."

ಅಲ್ಲಿ ರೊಟ್ಟಿ ಕೇಳುವ ಅಗತ್ಯ ಬೀಳಲಿಲ್ಲ. ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಮಲಗಿದ್ದರು. ಅವರಿಗೆ ಹಗೇವಿಲ್ಲ. ಊರ ಬಾವಿಗೆ ಅವರನ್ನು ಬಿಡುವುದಿಲ್ಲ. ಹಳ್ಳದ ಉಸುಕಿನಲ್ಲಿ ವರತಿ ತೋಡಿ, ಬಸಿದು ಬಂದ ನೀರನ್ನೇ ಕುಡಿಯುತ್ತಾರೆ. ಈರಮ್ಮ ಹಳ್ಳ ದಾಟಿ ಅತ್ತ ಕಾಲಿಟ್ಟವಳಲ್ಲ, ಅವರು ಆಕೆಯ ಮಜ್ಜಿಗೆ ಕುಡಿದವರಲ್ಲ.

ಮರುದಿನ ಬೆಳಿಗ್ಗೆ ದೊಡ್ಡವ್ವ ಮತ್ತೆ ಚಮಚ ಚಾಚಿದಳು. ಒಂಬತ್ತರಲ್ಲಿ ಎಂಟನೆಯ ದಿನ. ಗಿಂಡಿಯ ತಳದಲ್ಲಿ ರಾಡಿ ಹಾಗೇ ಇತ್ತು. ಕೇರಿಯವರು ಕುಡಿಯುವುದು ಹಳ್ಳದ ನೀರು. ಇದೂ ಹಳ್ಳದ ನೀರು. ಏಳು ಮನೆಗಳಲ್ಲಿ ಇಲ್ಲದಿರುವುದು ಇದೊಂದೇ. ಮುತ್ತೈದೆ ಇಲ್ಲದ ಮನೆಗೆ ಗಿಂಡಿ ಇಲ್ಲ, ಪಿಂಜಾರರಿಗೆ ಇಲ್ಲ, ಮಠಕ್ಕೆ ಇಲ್ಲ. ಮತ್ತು ಈ ಮನೆಯಲ್ಲಿ ನನಗೊಬ್ಬಳಿಗೆ ಹೊಟ್ಟೆ ಸರಿಯಾಗಿತ್ತು.

ನಾನು ದೊಡ್ಡವ್ವನ ಕೈ ಹಿಡಿದು ಕೂಡಿಸಿ, ಪಟ್ಟಿ ತೋರಿಸಿ, ನಿಧಾನವಾಗಿ ಹೇಳಿದೆ. ನಾನು ಕುಡಿದಿರಲಿಲ್ಲ ಎಂಬುದನ್ನೂ ಹೇಳಿದೆ.

"ಅಂದ್ರ ಗಂಗವ್ವ ನಮ್ಮನ್ನ ಕೊಲ್ಲಾಕತ್ತಾಳಂತೀ?"

"ಗಂಗವ್ವ ಅಲ್ಲ, ನೀರು. ಕೇರಿಗಿಂತ ಮ್ಯಾಲ ಎಷ್ಟು ಊರಿನ ಹೊಲಸು ಆ ಹಳ್ಳದಾಗ ಬಂದೈತಿ ಅನ್ನೋದು ನೋಡು. ಕಾಸಿ ಆದ್ರೂ ಕುಡೀರಿ."

"ತೀರ್ಥಾ ಕಾಸತಾರೇನ ಬೇ ಯಾರಾದ್ರೂ! ಹುಳಿ ಸಾರು ಮಾಡೀಯೇನು ಅದರಾಗ?" ಎಂದು ಆಕೆ ಗಿಂಡಿಯನ್ನು ನನ್ನಿಂದ ದೂರ ಇಟ್ಟಳು.

ಊರ ಗೌಡರ ಬಳಿ ಹೋದೆ. ಅವರಿಗಾಗಿ ಕನ್ನಡದಲ್ಲಿ ಬೇರೆ ಪಟ್ಟಿ ಬರೆದುಕೊಂಡು ಹೋಗಿದ್ದೆ. ಅವರು ಅದನ್ನು ಕೈ ಚಾಚಿ ದೂರ ಹಿಡಿದು ನೋಡಿದರು.

"ಅಕ್ಷರ ಭಾಳ ಛಲೋ ಅದಾವವ್ವ. ಮುತ್ತು ಪೋಣಿಸಿದಂಗ."

"ಓದಿದ್ರೇನ್ರಿ ಗೌಡ್ರ?"

"ಕನ್ನಡಕ ಮನ್ಯಾಗ ಐತಿ. ನೀ ಬಾಯಿಲೆ ಹೇಳು."

ಹೇಳಿದೆ. ಅವರು ತಲೆಯಾಡಿಸುತ್ತ ಕೇಳಿದರು. ನನಗೆ ಸ್ವಲ್ಪ ಆಸೆ ಹುಟ್ಟಿತು. ಕಟ್ಟೆಯ ಮೇಲೆ ಕೂತವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಕಡೆಗೆ ಗೌಡರು ಹೇಳಿದರು: "ಹುಡುಗಿ ಹೇಳೋದು ಖರೇ ಐತಿ. ತೀರ್ಥದಾಗ ದೋಷ ಐತಿ. ಅಂದ್ರ ಪೂಜಿ ಸರಿ ಆಗಿಲ್ಲ, ಯಾರದೋ ಕಣ್ಣು ಬಿದ್ದೈತಿ. ಸೋಮವಾರ ಇನ್ನೊಮ್ಮಿ ಮಾಡೂಣು. ಈ ಸಲ ಗಿಂಡಿಗಿಂಡಿ ಬ್ಯಾಡ, ಮನಿಗೊಂದು ತಂಬಿಗಿ ತುಂಬಾ ಕೊಡೂಣು."

ನನ್ನ ಪಟ್ಟಿಯಿಂದ ಆದ ಉಪಕಾರ ಇಷ್ಟು. ಚಮಚದಲ್ಲಿದ್ದದ್ದು ತಂಬಿಗೆಗೆ ಏರಿತು.

ಪಟ್ಟಿಯ ಲೆಕ್ಕ ಕೇಳಿ ಇಮಾಮ್ ಸಾಹೇಬರು ಜೋಳದ ಮಾತು ಬಿಟ್ಟು, ಕೇರಿಯಲ್ಲಿ ದಂಡೆಯಿಂದ ದೂರ ಹೊಸ ವರತಿ ತೋಡಿಸಿ ಅದಕ್ಕೆ ಕೆಂಪು ಔಷಧ ಹಾಕಿಸಿದರು. ಕೇರಿಯವರು ಒಂದು ಮಾತೂ ಆಡದೆ ಒಪ್ಪಿದರು. ಪೂಜೆಯ ವಿಷಯಕ್ಕೆ ಮಾತ್ರ ಇಮಾಮ್ ಸಾಹೇಬರು ಕೈಚೆಲ್ಲಿಬಿಟ್ಟರು. "ಪೂಜಾ ಬ್ಯಾಡ ಅಂತ ನಾ ಹೇಳಿದ್ರ, ಬೇಟಿ, ನಾಳಿಯಿಂದ ಜಡ್ಡಿನ ಮಾತು ನಿಂತು ಬ್ಯಾರೆ ಮಾತು ಶುರು ಆಗತೈತಿ. ಕಾಲ ಹಂಗೈತಿ. ನೀನ ಏನಾರ ಮಾಡು" ಎಂದು ತಟ್ಟು ಏರಿ ಮುಂದಿನ ಊರಿಗೆ ಹೋದರು.

ಭಾನುವಾರ ಸಂಜೆ ಹಿತ್ತಲಲ್ಲಿ ಈರಮ್ಮ ಎಮ್ಮೆಗೆ ಮೇವು ಹಾಕುತ್ತಿದ್ದ ಖಾಲಿ ಗೋದಲಿಯ ಕಲ್ಲಿನ ಮೇಲೆ ಕೂತಿದ್ದಳು. ನಾನು ಗೋಡೆಯ ಈಚೆ ನಿಂತು ನನ್ನ ಸಿಟ್ಟನ್ನೆಲ್ಲ ಆಕೆಯ ಮುಂದೆ ಸುರಿದೆ. ಆಕೆ ಪಟ್ಟಿಯ ಸಂಗತಿಯನ್ನು ಒಂದೇ ಸಲಕ್ಕೆ ತಿಳಿದುಕೊಂಡಳು. ಇಡೀ ಊರಲ್ಲಿ ತಿಳಿದುಕೊಂಡವಳು ಆಕೆಯೊಬ್ಬಳೇ.

"ಅಂದ್ರ ನನ್ನ ಗಂಡ ಸತ್ತದ್ದಕ್ಕ ನಾ ಉಳದೀನಿ ಅನ್ನು" ಎಂದು ನಕ್ಕಳು. "ಆಗಲಿ, ಸತ್ತ ಮ್ಯಾಲರ ಒಂದು ಉಪಯೋಗಕ್ಕ ಬಂದ."

ನನಗೆ ನಗು ಬರಲಿಲ್ಲ. "ಹೇಳಿದ್ರ ಕೇಳಂಗಿಲ್ಲ, ತೋರಿಸಿದ್ರ ನೋಡಂಗಿಲ್ಲ ಅತ್ತಿ. ಆ ಕೊಡಾ ಯಾರಾರ ಮುಟ್ಟಿ ಮೈಲಿಗಿ ಮಾಡಿದ್ರ ಮಾತ್ರ ಚೆಲ್ಲತಾರ ಇವರು" ಎಂದೆ. ಸುಮ್ಮನೆ, ಬೇಸರಕ್ಕೆ ಆಡಿದ ಮಾತು.

ಆಕೆ ಎದ್ದು ಗೋಡೆಯ ಹತ್ತಿರ ಬಂದಳು. "ಮುಟ್ಟಾಕ ನಾ ಅದೀನಲ್ಲ" ಎಂದಳು.

"ಸುಮ್ಮನ ಬಿಡ್ತಾರೇನು ನಿನ್ನ?"

"ಹ್ಯಾಂಗೂ ಬಿಡಂಗಿಲ್ಲ. ಇವತ್ತಿಲ್ಲಾ ನಾಳಿ ಹೊರಗ ಹಾಕತಾರ. ಏನೂ ಮಾಡದ ಹೋಗೋಕಿಂತ ಮಾಡಿ ಹೋಗೋದು ಛಲೋ."

ನಾನು ಬೇಡ ಎನ್ನಬೇಕಿತ್ತು. ಒಳಗೆ ದೊಡ್ಡಪ್ಪ ನರಳುತ್ತಿದ್ದ. ಅಡುಗೆಮನೆಯಲ್ಲಿ ದೊಡ್ಡವ್ವ ನಾಳೆಗೆ ತಂಬಿಗೆ ಬೆಳಗುತ್ತಿದ್ದಳು, ಆ ಸದ್ದು ಕೇಳುತ್ತಿತ್ತು. ನಾನು ಬೇಡ ಎನ್ನಲಿಲ್ಲ.

ಸೋಮವಾರ ಬೆಳಿಗ್ಗೆ ಐದೂ ಕೊಡಗಳನ್ನು ತುಂಬಿ ದಂಡೆಯ ಮೇಲೆ ಹಸಿರು ಖಣ ಹಾಸಿ ಸಾಲಾಗಿ ಇಟ್ಟಿದ್ದರು. ಅಯ್ಯನವರು ಊದುಬತ್ತಿ ಹಚ್ಚುತ್ತಿದ್ದರು. ಈರಮ್ಮ ತಲೆಯ ಮೇಲೆ ಸೆರಗು ಹೊದ್ದು, ಎಲ್ಲರ ನಡುವೆ ದಾರಿ ಮಾಡಿಕೊಂಡು ಬಂದಳು. ಯಾರೂ ತಡೆಯಲಿಲ್ಲ, ಬರುತ್ತಾಳೆಂದು ಯಾರೂ ಎಣಿಸಿರಲಿಲ್ಲ. ಮೊದಲ ಕೊಡದಲ್ಲಿ ಮಣಿಕಟ್ಟಿನವರೆಗೆ ಕೈ ಅದ್ದಿದಳು. ಎರಡನೆಯದರಲ್ಲಿ, ಮೂರನೆಯದರಲ್ಲಿ, ನಾಲ್ಕನೆಯದರಲ್ಲಿ. ಐದನೆಯದರಲ್ಲಿ ಪಾತ್ರೆ ತೊಳೆದ ಕೈಯನ್ನು ತೊಳೆಯುವಂತೆ ಎರಡೂ ಕೈ ಉಜ್ಜಿ ತೊಳೆದಳು. ಆಮೇಲೆ ದೊಡ್ಡವ್ವ ಕಿರುಚಿದ್ದು ಕೇಳಿಸಿತು.

ಕೊಡಗಳನ್ನು ಉಸುಕಿನಲ್ಲಿ ಬೋರಲು ಹಾಕಿದರು. ಪೂಜೆ ಮುರಿಯಿತು, ಇನ್ನು ಮುಂದಿನ ಹೊಸ ನೀರು ಬರುವವರೆಗೆ ತೀರ್ಥ ತರುವಂತಿಲ್ಲ ಎಂದರು ಅಯ್ಯನವರು.

ಮಧ್ಯಾಹ್ನ ಗುಡಿಯ ಮುಂದೆ ಪಂಚರು ಕೂಡಿ, ನಾಳೆ ಹೊತ್ತು ಏರುವ ಮೊದಲು ಈರಮ್ಮ ಊರು ಬಿಡಬೇಕು ಎಂದರು. ನಾನು ಎದ್ದು ನಿಂತೆ. "ನೀ ಓದಿದ ಮಗಳು, ಕುಂಡ್ರವ್ವ" ಎಂದರು ಗೌಡರು. ಕೂಡಲಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಕಂಬದ ಹತ್ತಿರ ನಿಂತಿದ್ದ ಈರಮ್ಮ ಜೋರಾಗಿ ಹೇಳಿದಳು: "ಏ ಹುಡುಗಿ, ನನ್ನ ಪರವಾಗಿ ಯಾರೂ ಮಾತಾಡೋದು ಬ್ಯಾಡ. ನನಗ ಸಿಟ್ಟು ಬಂದಿತ್ತು, ಮುಟ್ಟೀನಿ." ಆಮೇಲೆ ಹಿತ್ತಲಲ್ಲಿ ಮೆಲ್ಲಗೆ ಹೇಳಿದಳು, "ನೀರು ಕುಡೀಬಾರದು ಅಂತ ಮುಟ್ಟ್ಯಾಳ ಅಂತ ಗೊತ್ತಾದ್ರ, ನಾಳಿನ ಮತ್ತ ಕೊಡಾ ತುಂಬತಾರ ಇವರು." ಆಕೆ ತಡೆದಾಗ ನಾನು ಗುಡಿಯ ಮುಂದೆ ಕೂತುಬಿಟ್ಟಿದ್ದೆ. ಆಕೆಯದು ಸರಿಯಾದ ಲೆಕ್ಕವೇ ಇರಬಹುದು. ಆದರೆ ಕೂತವಳು ನಾನು, ಮನೆ ಬಿಟ್ಟವಳು ಆಕೆ.

ಹತ್ತು ಹನ್ನೆರಡು ದಿನಗಳಲ್ಲಿ ಊರಲ್ಲಿ ಕಾಯಿಲೆ ನಿಂತಿತು. ದೊಡ್ಡಪ್ಪ ಎದ್ದು ಓಡಾಡಿದ. ದೊಡ್ಡವ್ವ ಮುಂದೆ ನಮ್ಮ ಮನೆಗೆ ಬಂದಾಗ, "ನೋಡಿದೇನು? ಅಕಿ ಹೋಗ್ಯಾಳ, ಬ್ಯಾನಿನೂ ಹೋಗೈತಿ. ನಿನ್ನ ಪಟ್ಯಾಗ ಬರಕೋ" ಎಂದಳು. ಆಕೆಯ ಮಾತಿಗೂ ನನ್ನ ಪಟ್ಟಿ ಹೊಂದುತ್ತದೆ. ಇದೇ ನನಗೆ ಇಂದಿಗೂ ಸಹಿಸಲು ಆಗದ ಸಂಗತಿ. ಈರಮ್ಮ ಈಗ ಗುರುಗುಂಟೆಯಲ್ಲಿ ತಂಗಿಯ ಮನೆಯಲ್ಲಿದ್ದಾಳೆ. ಇದನ್ನು ಬರೆಯಲೇ ಎಂದು ಕೇಳಿದಾಗ, "ಬರಿ, ಅವರ ಕನ್ನಡಕ ಹ್ಯಾಂಗೂ ಮನ್ಯಾಗ ಇರತೈತಿ" ಎಂದಳು.

ಉಳಿದದ್ದು ಪಂಚರು ಕೂಡಿದ ಮರುದಿನ ಬೆಳಗಿನ ಮಾತು. ನಾನು ನನ್ನ ಟ್ರಂಕು ಮುಚ್ಚಿ, ಊರಿಗೆ ಹೋಗುತ್ತೇನೆ ಎಂದೆ. ದೊಡ್ಡಪ್ಪ ಹೊರಸಿನ ಮೇಲಿಂದಲೇ, "ಗಾಡಿ ಹೂಡ್ರಿ. ಒಬ್ಬಾಕಿಗೆ ಅಷ್ಟು ದೊಡ್ಡ ಗಾಡಿ, ಜಾಗಾ ಭಾಳ ಉಳಿತೈತಿ" ಎಂದ. ಈರಮ್ಮ ಒಂದು ಗಂಟು, ಒಂದು ಕೊಡ ಹಿಡಿದು ದಿಬ್ಬದ ಬಳಿ ಕಾದಿದ್ದಳು. ದಾರಿಗೆ ನೀರು ಬೇಕಿತ್ತು. ಆಕೆ ಬಾವಿಗೆ ಹೋಗದೆ ಹತ್ತು ಹೆಜ್ಜೆ ಈಚೆ ಬೇವಿನ ಮರದ ಕೆಳಗೆ ಕೊಡ ಇಟ್ಟು ನಿಂತಳು. ಬಾವಿಯ ಮೇಲಿದ್ದ ಹೆಂಗಸರು ಹಗ್ಗ ಬಿಟ್ಟು ನಮ್ಮನ್ನೇ ನೋಡುತ್ತಿದ್ದರು.

"ನೀನ ಸೇದಿಕೋ ಬಾ ಅತ್ತಿ. ಯಾರು ಏನಂತಾರ ನೋಡೇ ಬಿಡೂಣು" ಎಂದೆ. ನನಗೆ ಹಟ ಬಂದಿತ್ತು.

"ಹುಚ್ಚಿ ಅದೀ. ನಾ ಮುಟ್ಟಿದ್ರ ಈ ಬಾವಿನೂ ಬಿಡತಾರ. ಆಮ್ಯಾಲ ಎಲ್ಲಿಗಿ ಹೋಗತಾರ? ಹಳ್ಳಕ್ಕ."

ನಾನು ಆಕೆಯ ಕೊಡವನ್ನು ಎತ್ತಿಕೊಂಡು ಹೋಗಿ ಬಾವಿಯ ಕಟ್ಟೆಯಿಂದ ದೂರ ನೆಲದ ಮೇಲಿಟ್ಟೆ. ದೊಡ್ಡವ್ವನ ಮನೆಯ ಹಗ್ಗ, ದೊಡ್ಡವ್ವನ ಮನೆಯ ಬಿಂದಿಗೆಯಿಂದ ನೀರು ಸೇದಿದೆ. ಬಿಂದಿಗೆ ಕೊಡಕ್ಕೆ ತಾಗದಂತೆ ಎಲ್ಲರಿಗೂ ಕಾಣುವ ಹಾಗೆ ಎತ್ತರದಿಂದ ಸುರಿದೆ. ಕೊಡ ತುಂಬಿದ ಮೇಲೆ ಬಾಯಿಗೆ ಬಟ್ಟೆ ಕಟ್ಟಿ, ಗಾಡಿ ಹತ್ತಿ, ಲಿಂಗಸುಗೂರಿನವರೆಗೆ ಅದನ್ನು ನನ್ನ ತೊಡೆಯ ಮೇಲೆ ಹಿಡಿದುಕೊಂಡು ಕೂತೆ.